ನೀರು ಎಲ್ಲಿದೆ, ಎಷ್ಟು ಹೊತ್ತು ಇದೆ

ಯಲಬುರ್ಗಾದ ಎರೆ ಹೊಲದಲ್ಲಿ ಬೆಳೆದ ಸೂರ್ಯಕಾಂತಿ ಕಾಳಿನಲ್ಲಿ ಎಣ್ಣೆ ಎಷ್ಟಿದೆ ಎಂದು ತಿಳಿಯಲು ಎರಡು ದಾರಿಗಳಿವೆ. ಹಳೆಯ ದಾರಿಯಲ್ಲಿ ಕಾಳನ್ನು ಕುಟ್ಟಿ ಪುಡಿ ಮಾಡಿ, ಸಾಕ್ಸ್‌ಲೆಟ್ ಎಂಬ ಗಾಜಿನ ಸಲಕರಣೆಯಲ್ಲಿಟ್ಟು, ಹೆಕ್ಸೇನ್‌ನಂಥ ದ್ರಾವಕವನ್ನು ಗಂಟೆಗಟ್ಟಲೆ ಅದರ ಮೇಲೆ ಇಳಿಸಬೇಕು. ಎಣ್ಣೆ ಕರಗಿ ಬಂದ ಮೇಲೆ ದ್ರಾವಕವನ್ನು ಕಾಯಿಸಿ ಹಾರಿಸಿ, ತಳದಲ್ಲಿ ಉಳಿದದ್ದನ್ನು ತೂಗಬೇಕು. ಲೆಕ್ಕ ಸಿಗುತ್ತದೆ, ಕಾಳು ಹೋಗುತ್ತದೆ. ತಳಿ ಅಭಿವೃದ್ಧಿ ಮಾಡುವವರಿಗೆ ಇದು ಕಷ್ಟದ ಬಾಬತ್ತು. ಎಣ್ಣೆ ಹೆಚ್ಚಿರುವ ಕಾಳನ್ನೇ ಮುಂದಿನ ಹಂಗಾಮಿಗೆ ಬಿತ್ತಬೇಕು ಅನ್ನುವಷ್ಟರಲ್ಲಿ ಆ ಕಾಳು ಪುಡಿಯಾಗಿ ಕೂತಿರುತ್ತದೆ.

ಎರಡನೆಯ ದಾರಿಯಲ್ಲಿ ಕಾಳನ್ನು ಇಡಿಯಾಗಿಯೇ ಗಾಜಿನ ನಳಿಕೆಗೆ ಸುರಿದು, ಮೇಜಿನ ಮೇಲಿನ ಒಂದು ಪೆಟ್ಟಿಗೆಯ ಬಾಯಿಗೆ ಇಳಿಸುತ್ತಾರೆ. ಪೆಟ್ಟಿಗೆಯೊಳಗೆ ಸುಮಾರು ಅರ್ಧ ಟೆಸ್ಲಾ ಬಲದ ಶಾಶ್ವತ ಅಯಸ್ಕಾಂತವಿದೆ. ಕೆಲವು ಸೆಕೆಂಡುಗಳಲ್ಲಿ ಎಣ್ಣೆಯ ಪ್ರಮಾಣ ಪರದೆಯ ಮೇಲೆ ಬರುತ್ತದೆ. ಕಾಳನ್ನು ಹೊರಗೆ ತೆಗೆದು ಬಿತ್ತಿದರೆ ಮೊಳಕೆ ಒಡೆಯುತ್ತದೆ. ಎಣ್ಣೆಕಾಳುಗಳ ಸಂಶೋಧನೆ ನಡೆಯುವ ಕಡೆ ಈ ಪೆಟ್ಟಿಗೆ ಈಗ ಹೊಸದೇನಲ್ಲ. ಈ ಪದ್ಧತಿಗೆ ಅಂತರರಾಷ್ಟ್ರೀಯ ಮಾನಕವೂ ಇದೆ.

ಪೆಟ್ಟಿಗೆಯೊಳಗೆ ನಡೆಯುವುದು ನ್ಯೂಕ್ಲಿಯರ್ ಮ್ಯಾಗ್ನೆಟಿಕ್ ರೆಸೊನೆನ್ಸ್, ಅಂದರೆ ಎನ್‌ಎಂಆರ್. ಅದು ಕೇಳಿಸಿಕೊಳ್ಳುವುದು ಹೈಡ್ರೋಜನ್ನಿನ ದನಿಯನ್ನು. ಇಲ್ಲೇ ಒಂದು ತೊಡಕಿದೆ. ಹೈಡ್ರೋಜನ್ ಎಣ್ಣೆಯಲ್ಲಿದೆ, ಕಾಳಿನ ತೇವದಲ್ಲಿದೆ, ಸಿಪ್ಪೆಯಲ್ಲಿದೆ, ಪ್ರೋಟೀನಿನಲ್ಲೂ ಇದೆ. ಈ ಪುಟ್ಟ ಅಯಸ್ಕಾಂತಕ್ಕೆ ಇದು ಎಣ್ಣೆಯ ಹೈಡ್ರೋಜನ್, ಇದು ನೀರಿನದು ಎಂದು ಆವರ್ತನದಿಂದ ಬೇರೆ ಮಾಡುವ ತಾಕತ್ತಿಲ್ಲ. ಹಾಗಾದರೆ ಅದು ಎಣ್ಣೆಯನ್ನು ಗುರುತಿಸುವುದು ಹೇಗೆ?

ಕಾದು. ಅಷ್ಟೇ ಅದರ ಉಪಾಯ. ರೇಡಿಯೋ ಅಲೆಯ ಒಂದು ಮಿಡಿತ ಕೊಟ್ಟ ಕೂಡಲೇ ಎಲ್ಲ ಹೈಡ್ರೋಜನ್‌ಗಳೂ ಒಟ್ಟಿಗೆ ಸಂಕೇತ ಕೊಡುತ್ತವೆ. ಸಿಪ್ಪೆ, ಪ್ರೋಟೀನಿನಂಥ ಘನ ಭಾಗದ ಸಂಕೇತ ಹತ್ತಾರು ಮೈಕ್ರೋಸೆಕೆಂಡುಗಳಲ್ಲಿ ಸತ್ತುಹೋಗುತ್ತದೆ. ಒಣಗಿಸಿದ ಕಾಳಿನ ತೇವ ಪ್ರೋಟೀನಿಗೆ, ಪಿಷ್ಟಕ್ಕೆ ಅಂಟಿಕೊಂಡಿರುವುದರಿಂದ ಅದೂ ಬಹಳ ಹೊತ್ತು ಬಾಳುವುದಿಲ್ಲ. ಮಿಡಿತ ಕೊಟ್ಟು 50 ಮೈಕ್ರೋಸೆಕೆಂಡಿಗೆ ಒಮ್ಮೆ ನೋಡಿದರೆ ನೀರು, ಎಣ್ಣೆ ಎರಡೂ ಕಾಣುತ್ತವೆ. 7 ಮಿಲಿಸೆಕೆಂಡು ಬಿಟ್ಟು ಮತ್ತೆ ನೋಡಿದರೆ ಉಳಿದಿರುವುದು ಎಣ್ಣೆ ಮಾತ್ರ. ಮೊದಲನೆಯದರಲ್ಲಿ ಎರಡನೆಯದನ್ನು ಕಳೆದರೆ ತೇವದ ಲೆಕ್ಕವೂ ಬಂತು. ಕಾಳು ಹಸಿಯಾಗಿದ್ದರೆ ಮಾತ್ರ ಉಪಾಯ ಕೈಕೊಡುತ್ತದೆ, ಯಾಕೆಂದರೆ ಆಗ ನೀರಿಗೂ ಓಡಾಡಲು ಜಾಗ ಸಿಕ್ಕಿ ಅದರ ಸಂಕೇತವೂ ಎಣ್ಣೆಯ ಜತೆಗೇ ಉಳಿದುಬಿಡುತ್ತದೆ. ಹಾಗಾಗಿ ಅಳೆಯುವ ಮೊದಲು ಕಾಳನ್ನು ಚೆನ್ನಾಗಿ ಒಣಗಿಸುತ್ತಾರೆ.

ಹೀಗೆ ಸಂಕೇತ ಆರಿಹೋಗುವುದಕ್ಕೆ ರಿಲ್ಯಾಕ್ಸೇಶನ್ ಎನ್ನುತ್ತಾರೆ. ಪದವಿ ತರಗತಿಗಳಲ್ಲಿ ಎನ್‌ಎಂಆರ್ ಕಲಿಸುವಾಗ ಈ ವಿಷಯವನ್ನು ಅರ್ಧ ಪುಟದಲ್ಲಿ ದಾಟಿಸಿಬಿಡುವುದು ವಾಡಿಕೆ. ಸಂಕೇತವನ್ನು ಆವರ್ತನಗಳಾಗಿ ಬಿಡಿಸಿ ಬರೆದ ನಕ್ಷೆಗೆ ರೋಹಿತ ಎನ್ನುತ್ತಾರೆ. ಯಾವ ಗುಂಪಿನ ಗೆರೆ ಅದರಲ್ಲಿ ಎಲ್ಲಿ ಬರುತ್ತದೆ, ಎಷ್ಟಾಗಿ ಸೀಳುತ್ತದೆ ಎಂಬುದನ್ನು ಪರೀಕ್ಷೆಗೆ ಬಾಯಿಪಾಠ ಮಾಡಿಸುತ್ತಾರೆ. ಅಣು ಎಂಬುದು ಅಲ್ಲಾಡದೆ ಫೋಟೋಕ್ಕೆ ನಿಂತಿದೆ ಎಂಬ ಭಾವನೆ ಹುಡುಗರಲ್ಲಿ ಬೇರೂರುತ್ತದೆ. ಎನ್‌ಎಂಆರ್ ರೋಹಿತದಲ್ಲಿ ನಿಜವಾಗಿ ದಾಖಲಾಗುವುದು ಅಣುವಿನ ಆಕಾರ ಮಾತ್ರವಲ್ಲ, ಅದರ ಅವಸರವೂ ಹೌದು. ಗೆರೆ ತೆಳ್ಳಗಿದೆಯೋ ದಪ್ಪಗಿದೆಯೋ, ಒಂದಿದೆಯೋ ಎರಡಿದೆಯೋ ಎನ್ನುವುದರಲ್ಲಿ ಆ ಅವಸರ ಬರೆದಿರುತ್ತದೆ.

ಮೊದಲು ದಪ್ಪದ ಮಾತು. ಹೈಡ್ರೋಜನ್ನಿನ ನ್ಯೂಕ್ಲಿಯಸ್ ಅಂದರೆ ಒಂದು ಪ್ರೋಟಾನ್, ಅದೇ ಒಂದು ಅತಿ ಸಣ್ಣ ಅಯಸ್ಕಾಂತ. ಒಂದು ಟೆಸ್ಲಾ ಕ್ಷೇತ್ರದಲ್ಲಿ ಅದು ಸೆಕೆಂಡಿಗೆ 4.258 ಕೋಟಿ ಸುತ್ತು ಹಾಕುತ್ತದೆ. ಆಸ್ಪತ್ರೆಯ ಒಂದೂವರೆ ಟೆಸ್ಲಾ ಎಂಆರ್‌ಐ ಯಂತ್ರದಲ್ಲಿ ಅದು ಸುಮಾರು 64 ಮೆಗಾಹರ್ಟ್ಸ್. ಅಲ್ಲಿ ಕ್ಷೇತ್ರದ ದಿಕ್ಕಿಗೆ ಇರುವ ಪ್ರೋಟಾನ್‌ಗಳು ಎದುರು ದಿಕ್ಕಿನವಕ್ಕಿಂತ ಹೆಚ್ಚಿರುವುದು ಹತ್ತು ಲಕ್ಷಕ್ಕೆ ಬರೀ ಐದರಷ್ಟು. ಆ ಐದರ ಮೇಲೇ ಇಡೀ ವ್ಯವಹಾರ ನಡೆಯುತ್ತದೆ. ರೇಡಿಯೋ ಮಿಡಿತ ಈ ಸಮತೋಲವನ್ನು ಕದಡುತ್ತದೆ. ಮತ್ತೆ ಮೊದಲಿನ ಸ್ಥಿತಿಗೆ ಬರಲು ಹಿಡಿಯುವ ಕಾಲ ಟಿ1. ಎಲ್ಲ ಪ್ರೋಟಾನ್‌ಗಳೂ ಒಟ್ಟಿಗೆ ಸುತ್ತುತ್ತಿದ್ದ ತಾಳ ತಪ್ಪಿ ಚದುರಿಹೋಗಲು ಹಿಡಿಯುವ ಕಾಲ ಟಿ2. ಗೆರೆಯ ದಪ್ಪವನ್ನು ನಿರ್ಧರಿಸುವುದು ಈ ಟಿ2. ಅದು ಒಂದು ಸೆಕೆಂಡಾದರೆ ಗೆರೆಯ ಅಗಲ ಒಂದು ಹರ್ಟ್ಸ್‌ನ ಮೂರನೇ ಒಂದು ಭಾಗ. ಒಂದು ಮಿಲಿಸೆಕೆಂಡಾದರೆ 300 ಹರ್ಟ್ಸ್ ದಾಟುತ್ತದೆ.

ಶುದ್ಧ ನೀರಿನಲ್ಲಿ ಅಣುಗಳು ಕೆಲವೇ ಪಿಕೋಸೆಕೆಂಡಿಗೊಮ್ಮೆ ಮಗ್ಗುಲು ಬದಲಿಸುತ್ತವೆ. ಅಕ್ಕಪಕ್ಕದ ಪ್ರೋಟಾನ್‌ಗಳು ಒಂದರ ಮೇಲೊಂದು ಬೀರುವ ಕಾಂತ ಪ್ರಭಾವ ಆ ವೇಗದಲ್ಲಿ ಸರಾಸರಿಯಾಗಿ ಹೆಚ್ಚುಕಡಿಮೆ ಸೊನ್ನೆಯಾಗುತ್ತದೆ. ಹಾಗಾಗಿ ನೀರಿನ ಟಿ2 ಸೆಕೆಂಡುಗಳಷ್ಟು ಉದ್ದ, ಗೆರೆ ಸೂಜಿಯಷ್ಟು ತೆಳ್ಳಗೆ. ಅದೇ ನೀರು ಹೆಪ್ಪುಗಟ್ಟಿ ಮಂಜುಗಡ್ಡೆಯಾದರೆ ಟಿ2 ಮೈಕ್ರೋಸೆಕೆಂಡುಗಳಿಗೆ ಇಳಿದು ಗೆರೆ ಹತ್ತಾರು ಸಾವಿರ ಹರ್ಟ್ಸ್ ಹರಡಿ ಕಾಣದಂತಾಗುತ್ತದೆ. ಚಲನೆಗೂ ರಿಲ್ಯಾಕ್ಸೇಶನ್ನಿಗೂ ಇರುವ ಈ ನಂಟನ್ನು ಬ್ಲೂಂಬರ್ಗೆನ್, ಪರ್ಸೆಲ್, ಪೌಂಡ್ ಎಂಬ ಮೂವರು 1948ರಲ್ಲೇ ಲೆಕ್ಕ ಹಾಕಿ ತೋರಿಸಿದ್ದರು. ಎನ್‌ಎಂಆರ್ ಪತ್ತೆಯಾಗಿ ಆಗಿನ್ನೂ ಎರಡು ಮೂರು ವರ್ಷ.

ಆ ಕಾಲಕ್ಕೆ ಬೆಂಗಳೂರೇನೂ ಹಿಂದೆ ಬಿದ್ದಿರಲಿಲ್ಲ. ಭಾರತೀಯ ವಿಜ್ಞಾನ ಸಂಸ್ಥೆಯ ಜಿ. ಸೂರ್ಯನ್ 1951ರಲ್ಲಿ ಒಂದು ಸರಳ ಪ್ರಯೋಗ ಪ್ರಕಟಿಸಿದರು. ಅಯಸ್ಕಾಂತದ ನಡುವೆ ನಿಂತ ನೀರಿಗೆ ಬಿಡದೆ ರೇಡಿಯೋ ಅಲೆ ಕೊಡುತ್ತಿದ್ದರೆ ಅಂಥ ಪುಟ್ಟ ಹೆಚ್ಚಳವೂ ಕರಗಿ ಸಂಕೇತ ಸೊರಗುತ್ತದೆ. ಟಿ1 ಸೆಕೆಂಡುಗಟ್ಟಲೆ ಇರುವುದರಿಂದ ಚೇತರಿಸಿಕೊಳ್ಳಲು ನೀರಿಗೆ ಪುರುಸೊತ್ತೇ ಸಿಗುವುದಿಲ್ಲ. ನೀರನ್ನು ಕೊಳವೆಯಲ್ಲಿ ಹರಿಯಬಿಟ್ಟರೆ? ದಣಿದ ನೀರು ಹೊರಗೆ ಹೋಗಿ ಹೊಸ ನೀರು ಒಳಗೆ ಬರುತ್ತದೆ, ಸಂಕೇತ ಮತ್ತೆ ಏರುತ್ತದೆ. ಹರಿವಿನ ವೇಗವನ್ನೇ ಇದರಿಂದ ಅಳೆಯಬಹುದು. 1959ರಲ್ಲಿ ಅಮೆರಿಕದ ಜೆ. ಆರ್. ಸಿಂಗರ್ ಇದೇ ಬಗೆಯಲ್ಲಿ ಇಲಿಯ ಬಾಲದ ರಕ್ತದ ಹರಿವನ್ನು ಅಳೆದರು. ಇಂದು ಮಿದುಳಿನ ರಕ್ತನಾಳಗಳನ್ನು ಯಾವ ಔಷಧವನ್ನೂ ಚುಚ್ಚದೆ ಎಂಆರ್‌ಐನಲ್ಲಿ ಬೆಳ್ಳಗೆ ಹೊಳೆಯಿಸಿ ತೋರಿಸುವ ಒಂದು ವಿಧಾನ ನಿಂತಿರುವುದು ಇದೇ ತತ್ವದ ಮೇಲೆ. ಅಲುಗಾಡದ ಮಾಂಸ ದಣಿದು ಕಪ್ಪಾಗುತ್ತದೆ, ಹರಿದು ಬರುವ ರಕ್ತ ಮಾತ್ರ ತಾಜಾ. ಸೂರ್ಯನ್ ಅವರ ಹೆಸರು ನಮ್ಮ ಪಠ್ಯಗಳಲ್ಲಿ ಕಾಣುವುದು ಅಪರೂಪ, ಅದೇ ಬೇಸರ.

ಅದೇ 1951ರಲ್ಲಿ ಇನ್ನೊಬ್ಬ ಭಾರತೀಯರ ಹೆಸರು ಎನ್‌ಎಂಆರ್ ಚರಿತ್ರೆಗೆ ಸೇರಿತು. ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ಅರ್ನಾಲ್ಡ್, ಪ್ಯಾಕರ್ಡ್ ಜತೆ ಎಸ್. ಎಸ್. ಧರ್ಮಟ್ಟಿ ಅವರು ಎಥೆನಾಲಿನ ರೋಹಿತ ತೆಗೆದರು. ಧರ್ಮಟ್ಟಿ ಎಂಬ ಹೆಸರು ಉತ್ತರ ಕರ್ನಾಟಕದವರ ಕಿವಿಗೆ ಅಪರಿಚಿತವಲ್ಲ. ಮುಂದೆ ಅವರು ಮುಂಬೈನ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ ಎನ್‌ಎಂಆರ್ ಗುಂಪು ಕಟ್ಟಿದರು. ಅವರ ಆ ರೋಹಿತದಲ್ಲಿ ಮೂರು ಗುಡ್ಡೆಗಳಿದ್ದವು, ಮೂರು ಹೈಡ್ರೋಜನ್ನಿನದು, ಎರಡರದು, ಒಂದರದು. ಒಂದೇ ಅಣುವಿನ ಬೇರೆ ಬೇರೆ ಹೈಡ್ರೋಜನ್‌ಗಳು ಬೇರೆ ಬೇರೆ ಜಾಗದಲ್ಲಿ ಕಾಣುತ್ತವೆ ಎಂದು ಜಗತ್ತಿನ ರಸಾಯನಶಾಸ್ತ್ರಜ್ಞರ ಕಣ್ಣಿಗೆ ಬಿದ್ದದ್ದು ಆಗ.

ಅಯಸ್ಕಾಂತಗಳು ಸುಧಾರಿಸಿದ ಹಾಗೆ ಆ ಮೂರನೆಯ ಗುಡ್ಡೆ, ಅಂದರೆ ಆಮ್ಲಜನಕಕ್ಕೆ ಅಂಟಿದ ಹೈಡ್ರೋಜನ್ನಿನದು, ತಲೆನೋವು ಕೊಡತೊಡಗಿತು. ಪಕ್ಕದ ಎರಡು ಹೈಡ್ರೋಜನ್‌ಗಳ ದೆಸೆಯಿಂದ ಅದು ಮೂರಾಗಿ ಸೀಳಬೇಕು. ಅತಿ ಶುದ್ಧವಾದ ಎಥೆನಾಲಿನಲ್ಲಿ ಸೀಳುತ್ತದೆ ಕೂಡ. ಒಂದು ಚೂರು ಆಮ್ಲ ಸೋಕಿದರೆ ಸಾಕು, ಸೀಳು ಮಾಯವಾಗಿ ಒಂದೇ ಗೆರೆ ಉಳಿಯುತ್ತದೆ. ಆ ಹೈಡ್ರೋಜನ್ ಒಂದು ಅಣುವಿನಲ್ಲಿ ನಿಲ್ಲದೆ ಇನ್ನೊಂದಕ್ಕೆ ಜಿಗಿಯುತ್ತಿದೆ ಎಂಬುದೇ ಕಾರಣ. ಸೀಳಿನ ಅಂತರ ಐದು ಹರ್ಟ್ಸ್ ಆಸುಪಾಸು. ಜಿಗಿತ ಅದಕ್ಕಿಂತ ಬಹಳ ವೇಗವಾದರೆ ನೆರೆಯ ಹೈಡ್ರೋಜನ್ ಯಾವ ದಿಕ್ಕಿಗಿದೆ ಎಂದು ತಿಳಿಯುವ ಮೊದಲೇ ನೆರೆಮನೆ ಬದಲಾಗಿರುತ್ತದೆ.

ಇದೇ ವಿನಿಮಯ. ಇದನ್ನು ಅರ್ಥ ಮಾಡಿಕೊಳ್ಳಲು ಕೊಪ್ಪಳ ಸೀಮೆಯವರಿಗೆ ಪ್ರಯೋಗಶಾಲೆ ಬೇಡ. ನಾಟಿಯ ಕಾಲಕ್ಕೆ ಯಲಬುರ್ಗಾ, ಕುಷ್ಟಗಿ ಕಡೆಯ ಕೂಲಿಯವರು ಗಂಗಾವತಿ ಕಡೆಯ ನೀರಾವರಿ ಗದ್ದೆಗಳಿಗೆ ಬರುತ್ತಾರೆ. ಒಬ್ಬಾಕೆ ಆರು ತಿಂಗಳು ಊರಲ್ಲಿ, ಆರು ತಿಂಗಳು ಗಂಗಾವತಿಯಲ್ಲಿ ಇರುತ್ತಾಳೆ ಅನ್ನೋಣ. ತಿಂಗಳಿಗೊಮ್ಮೆ ಲೆಕ್ಕ ಬರೆಯುವವನ ಪುಸ್ತಕದಲ್ಲಿ ಎರಡು ವಿಳಾಸಗಳು ಸ್ಪಷ್ಟವಾಗಿ ಕಾಣುತ್ತವೆ. ಅವಳೇ ದಿನಾ ಬೆಳಿಗ್ಗೆ ಟೆಂಪೋ ಹತ್ತಿ ಹೋಗಿ ಸಂಜೆ ಬಂದರೆ, ಅವನು ಇಡೀ ತಿಂಗಳ ಸರಾಸರಿ ಜಾಗವನ್ನು ಬರೆದುಕೊಂಡರೆ, ಅವಳ ವಿಳಾಸ ಕೊಪ್ಪಳದ ಆಚೀಚೆಯ ಯಾವುದೋ ಹೊಲದ ಬದುವಿನಲ್ಲಿ ಬೀಳುತ್ತದೆ. ಅಲ್ಲಿ ಅವಳು ಒಂದು ದಿನವೂ ಇದ್ದವಳಲ್ಲ. ಗಂಗಾವತಿಯಲ್ಲಿ ಹೆಚ್ಚು ಹೊತ್ತು ಕಳೆದರೆ ಆ ಬಿಂದು ಗಂಗಾವತಿ ಕಡೆಗೆ ಸರಿಯುತ್ತದೆ. ಇನ್ನು ಹೋಗಿಬರುವುದು ಲೆಕ್ಕದವನ ಸುತ್ತಿಗೆ ಸರಿಸುಮಾರು ಸಮವಾದರೆ, ಅಂದರೆ ತಿಂಗಳಿಗೊಂದೆರಡು ಸಲವಾದರೆ, ಪುಸ್ತಕದಲ್ಲಿ ಒಂದೊಂದು ಸಲ ಒಂದೊಂದು ಕಡೆ ಎಂದು ಕಲಸಿಹೋಗುತ್ತದೆ.

ರೋಹಿತದಲ್ಲೂ ಹಾಗೇ. ನಿಧಾನ ವಿನಿಮಯದಲ್ಲಿ ಎರಡು ಚೂಪು ಗೆರೆ. ವೇಗದ ವಿನಿಮಯದಲ್ಲಿ ನಡುವೆ ಒಂದೇ ಚೂಪು ಗೆರೆ. ಇವೆರಡರ ಮಧ್ಯೆ ಗೆರೆಗಳು ಉಬ್ಬಿ, ಒಂದನ್ನೊಂದು ತಾಗಿ, ತಟ್ಟೆಯಂತೆ ಚಪ್ಪಟೆಯಾಗುವ ಒಂದು ಘಟ್ಟ. ನಡುವಿನ ಆ ಒಂಟಿ ಗೆರೆಯ ಜಾಗದಲ್ಲಿ ಯಾವ ಅಣುವೂ ಇರುವುದಿಲ್ಲ ಎಂಬುದನ್ನು ಗಮನಿಸಬೇಕು. ಅದು ಕೇವಲ ಸರಾಸರಿ. ಎಷ್ಟೋ ಜನ ಅದನ್ನೇ ಅಣುವಿನ ನಿಜರೂಪ ಎಂದು ಓದಿ ಮುಗ್ಗರಿಸಿದ್ದುಂಟು.

ಯಾವುದು ವೇಗ, ಯಾವುದು ನಿಧಾನ ಎಂದು ತೀರ್ಮಾನಿಸುವುದು ಆ ಎರಡು ಗೆರೆಗಳ ನಡುವಿನ ಅಂತರ. ಅಂತರ ಹತ್ತು ಹರ್ಟ್ಸ್ ಇದ್ದರೆ, ಸೆಕೆಂಡಿಗೆ ಸುಮಾರು 22 ಜಿಗಿತವಾದಾಗ ಗೆರೆಗಳು ಕೂಡಿಹೋಗುತ್ತವೆ. ಪಠ್ಯಪುಸ್ತಕದ ಹಳೆಯ ಉದಾಹರಣೆ ಡೈಮೀಥೈಲ್ ಫಾರ್ಮಮೈಡ್ ಎಂಬ ದ್ರಾವಕ. ಅದರಲ್ಲಿ ಸಾರಜನಕಕ್ಕೆ ಅಂಟಿದ ಎರಡು ಮೀಥೈಲ್ ಗುಂಪುಗಳಿವೆ. ಸಾರಜನಕ ಮತ್ತು ಇಂಗಾಲದ ನಡುವಿನ ಬಂಧ ಅರೆಬರೆ ಜೋಡಿ ಬಂಧವಾದ್ದರಿಂದ ಸುಲಭವಾಗಿ ತಿರುಗುವುದಿಲ್ಲ. ಬೇಳೆಯ ಪ್ರೋಟೀನಿನಲ್ಲಿರುವುದೂ ಇಂಥದೇ ಬಂಧ. ಕೋಣೆಯ ತಾಪಮಾನದಲ್ಲಿ ಎರಡು ಮೀಥೈಲ್‌ಗಳಿಗೂ ಬೇರೆ ಬೇರೆ ಗೆರೆ. ಕಾಯಿಸುತ್ತಾ ಹೋದರೆ ಹಳೆಯ 60 ಮೆಗಾಹರ್ಟ್ಸ್ ಯಂತ್ರದಲ್ಲಿ 120 ಡಿಗ್ರಿ ಸೆಲ್ಸಿಯಸ್ ಸುಮಾರಿಗೆ ಅವು ಒಂದಾಗುತ್ತವೆ. ಗುಟೋವ್‌ಸ್ಕಿ ಮತ್ತು ಹೋಲ್ಮ್ 1956ರಲ್ಲಿ ಇದರಿಂದಲೇ ಬಂಧ ತಿರುಗಲು ಬೇಕಾದ ಶಕ್ತಿಯನ್ನು ಅಂದಾಜು ಮಾಡಿದರು. ಅದೇ ಸೀಸೆಯನ್ನು 600 ಮೆಗಾಹರ್ಟ್ಸ್ ಯಂತ್ರಕ್ಕೆ ಹಾಕಿದರೆ ಗೆರೆಗಳ ಅಂತರ ಹತ್ತು ಪಟ್ಟು ಹೆಚ್ಚುತ್ತದೆ, ಅವನ್ನು ಕೂಡಿಸಲು ಹತ್ತು ಪಟ್ಟು ವೇಗ ಬೇಕಾಗುತ್ತದೆ. ಒಂದು ಯಂತ್ರಕ್ಕೆ ಒಂದಾಗಿ ಕಂಡ ಗೆರೆ ಇನ್ನೊಂದಕ್ಕೆ ಎರಡಾಗಿ ಕಾಣಬಹುದು, ಎರಡೂ ಸುಳ್ಳು ಹೇಳುತ್ತಿಲ್ಲ.

ಈಗ ಗಂಗಾವತಿಗೆ ಬರೋಣ. ತುಂಗಭದ್ರೆಯ ಎಡದಂಡೆ ಕಾಲುವೆಯ ನೀರಿನಲ್ಲಿ ಬೆಳೆದ ಭತ್ತ ರೈಸ್ ಮಿಲ್ಲಿಗೆ ಬಂದಾಗ ಮೊದಲು ಕೇಳುವ ಪ್ರಶ್ನೆ ತೇವ ಎಷ್ಟು ಎಂಬುದು. ಸರ್ಕಾರದ ಖರೀದಿ ಕೇಂದ್ರದಲ್ಲಿ ಶೇ 17ರ ಮೇಲೆ ಇರಬಾರದು. ಒಂದು ಹಿಡಿ ಕಾಳು ಸುರಿದು ಗುಂಡಿ ಒತ್ತಿದರೆ ಮಾಯಿಶ್ಚರ್ ಮೀಟರ್ ಅಂಕಿ ಹೇಳುತ್ತದೆ. ಆ ಮೀಟರ್ ಕಾಳಿನ ವಿದ್ಯುತ್ ಗುಣದಿಂದ ನೀರು ಎಷ್ಟಿದೆ ಎಂದು ಅಂದಾಜು ಮಾಡುತ್ತದೆ. ಆ ನೀರು ಯಾವ ಸ್ಥಿತಿಯಲ್ಲಿದೆ ಎಂಬುದು ಅದಕ್ಕೆ ಗೊತ್ತಿಲ್ಲ. ಎನ್‌ಎಂಆರ್‌ಗೆ ಗೊತ್ತು. ಅಕ್ಕಿ ಕಾಳಿನಲ್ಲಿ ಪಿಷ್ಟದ ಸರಪಳಿಗೆ ಬಿಗಿಯಾಗಿ ಅಂಟಿದ ನೀರಿನ ಟಿ2 ಗಿಡ್ಡ, ಸಡಿಲವಾಗಿರುವುದರದು ಉದ್ದ. ಭತ್ತ ಒಣಗಿದಂತೆ ಸಡಿಲು ನೀರು ಮೊದಲು ಹೋಗುತ್ತದೆ, ಉಳಿದ ನೀರಿನ ಟಿ2 ಕುಗ್ಗುತ್ತಾ ಬರುತ್ತದೆ.

ಅನ್ನದಲ್ಲಿ ಇದು ಇನ್ನೂ ಸ್ವಾರಸ್ಯ. ರಾತ್ರಿ ಉಳಿದ ಅನ್ನವನ್ನು ಮುಚ್ಚಿಟ್ಟರೆ ಬೆಳಿಗ್ಗೆಗೆ ಅಗುಳು ಗಟ್ಟಿಯಾಗಿರುತ್ತದೆ. ನೀರು ಎಲ್ಲೂ ಹೋಗಿರುವುದಿಲ್ಲ. ಬೆಂದಾಗ ಬಿಡಿಸಿಕೊಂಡಿದ್ದ ಪಿಷ್ಟದ ಸರಪಳಿಗಳು ತಣ್ಣಗಾದ ಮೇಲೆ ಮತ್ತೆ ಒತ್ತಾಗಿ ಜೋಡಿಸಿಕೊಳ್ಳುತ್ತವೆ, ನೀರಿನ ಓಡಾಟಕ್ಕೆ ಕಡಿವಾಣ ಬೀಳುತ್ತದೆ. ತೂಕ ನೋಡಿದರೆ ಅಷ್ಟೇ ಇದ್ದ ಅನ್ನ ಟಿ2 ನೋಡಿದರೆ ಬೇರೆಯೇ ಪದಾರ್ಥ. ಒಗ್ಗರಣೆ ಹಾಕಿ ಬಿಸಿ ಮಾಡಿದರೆ ಒಂದಿಷ್ಟು ಮತ್ತೆ ಮೆತ್ತಗಾಗುತ್ತದೆ, ನೀರಿನ ಓಡಾಟವೂ ಮರಳುತ್ತದೆ.

ಇಲ್ಲಿ ರಿಲ್ಯಾಕ್ಸೇಶನ್ ಮತ್ತು ವಿನಿಮಯ ಕೈಕೈ ಹಿಡಿಯುತ್ತವೆ. ಬಿಗಿ ನೀರು ಯಾವಾಗಲೂ ಬಿಗಿಯಾಗಿಯೇ ಇರುವುದಿಲ್ಲ. ಪಿಷ್ಟಕ್ಕೋ ಪ್ರೋಟೀನಿಗೋ ಅಂಟಿದ್ದ ಅಣು ಕ್ಷಣದಲ್ಲಿ ಬಿಡಿಸಿಕೊಂಡು ಹೊರಗೆ ಬರುತ್ತದೆ, ಅದರ ಜಾಗಕ್ಕೆ ಇನ್ನೊಂದು ಹೋಗುತ್ತದೆ. ಈ ಅದಲುಬದಲು ಟಿ2ಗಿಂತ ವೇಗವಾಗಿದ್ದರೆ ಬಿಗಿ, ಸಡಿಲ ಎರಡರ ರಿಲ್ಯಾಕ್ಸೇಶನ್ ವೇಗಗಳೂ ಅವುಗಳ ಪಾಲಿಗೆ ತಕ್ಕಂತೆ ಬೆರೆತು ಒಂದಾಗುತ್ತವೆ. ನಮ್ಮ ಸ್ನಾಯುಗಳಲ್ಲಿ ಮುಕ್ಕಾಲು ಪಾಲು ನೀರೇ. ಆದರೂ ಸ್ನಾಯುವಿನ ಟಿ2 ಕೇವಲ 40, 50 ಮಿಲಿಸೆಕೆಂಡು. ಮಿದುಳಿನ ಸುತ್ತಲಿನ ದ್ರವದಲ್ಲಿ ಅದೇ ನೀರಿನ ಟಿ2 ಎರಡು ಸೆಕೆಂಡಿನ ಹತ್ತಿರ. ಪ್ರೋಟೀನನ್ನು ತಟ್ಟಿ ಬರುವ ಕೆಲವೇ ಅಣುಗಳು ಉಳಿದ ಎಲ್ಲದರ ಕಾಲವನ್ನೂ ಗಿಡ್ಡ ಮಾಡಿಬಿಡುತ್ತವೆ. ಎಂಆರ್‌ಐ ಫಿಲ್ಮಿನಲ್ಲಿ ಒಂದು ಭಾಗ ಬೆಳ್ಳಗೆ, ಇನ್ನೊಂದು ಕಪ್ಪಗೆ ಕಾಣುವುದು ಬಹುಮಟ್ಟಿಗೆ ಈ ವ್ಯತ್ಯಾಸದಿಂದ. ಇಲಿಯ ಗೆಡ್ಡೆಗಳಲ್ಲಿ ನೀರಿನ ರಿಲ್ಯಾಕ್ಸೇಶನ್ ಕಾಲ ಉದ್ದವಾಗಿರುತ್ತದೆ ಎಂದು ರೇಮಂಡ್ ಡಮೇಡಿಯನ್ 1971ರಲ್ಲಿ ಪ್ರಕಟಿಸಿದ ಮೇಲೆಯೇ ವೈದ್ಯರ ಕಿವಿ ನೆಟ್ಟಗಾದದ್ದು.

ಎಂಆರ್‌ಐ ಮಾಡಿಸಲು ಹುಬ್ಬಳ್ಳಿಗೋ ಬಳ್ಳಾರಿಗೋ ಹೋದವರಿಗೆ ಕೆಲವೊಮ್ಮೆ ‘ಕಾಂಟ್ರಾಸ್ಟ್ ಹಾಕಬೇಕು’ ಎಂದು ಹೇಳಿ ಕೈಯ ರಕ್ತನಾಳಕ್ಕೆ ಔಷಧ ಕೊಡುತ್ತಾರೆ. ಅದರಲ್ಲಿರುವುದು ಗ್ಯಾಡೋಲಿನಿಯಂ ಎಂಬ ಲೋಹ. ಬಿಡಿಯಾಗಿ ಅದು ವಿಷ, ಆದ್ದರಿಂದ ಒಂದು ಸಾವಯವ ಅಣುವಿನ ಹಿಡಿತದಲ್ಲಿ ಬಂಧಿಸಿ ಕೊಡುತ್ತಾರೆ. ಜೋಡಿಯಿಲ್ಲದ ಏಳು ಎಲೆಕ್ಟ್ರಾನ್‌ಗಳಿರುವ ಈ ಲೋಹ ಹತ್ತಿರ ಬಂದ ಪ್ರೋಟಾನಿನ ಟಿ1 ಕಾಲವನ್ನು ಥಟ್ಟನೆ ಕುಗ್ಗಿಸುತ್ತದೆ. ಬಹುಕಾಲದಿಂದ ಬಳಕೆಯಲ್ಲಿರುವ ಒಂದು ಬಗೆಯಲ್ಲಿ ಲೋಹವನ್ನು ನೇರವಾಗಿ ಮುಟ್ಟಲು ಜಾಗವಿರುವುದು ಒಂದೇ ಒಂದು ನೀರಿನ ಅಣುವಿಗೆ. ಆ ಅಣು ಅಲ್ಲೇ ಠಿಕಾಣಿ ಹೂಡಿದ್ದರೆ ಲಾಭವೇ ಇರುತ್ತಿರಲಿಲ್ಲ, ಒಂದು ಅಣು ಬದಲಾದರೆ ಚಿತ್ರದಲ್ಲಿ ಏನು ಕಂಡೀತು? ಅದು ಸೆಕೆಂಡಿಗೆ 30 ಲಕ್ಷಕ್ಕೂ ಹೆಚ್ಚು ಸಲ ಜಾಗ ಬಿಟ್ಟುಕೊಡುತ್ತದೆ. ಒಂದೊಂದಾಗಿ ಬಂದ ಅಣುಗಳು ಲೋಹದ ಪ್ರಭಾವ ಹೊತ್ತು ಸುತ್ತಲ ನೀರಿಗೆ ಹಂಚಿಹೋಗುತ್ತವೆ. ಗೆಡ್ಡೆಯ ಸುತ್ತ ಸೋರಿದ ಔಷಧ ಬೆಳ್ಳಗೆ ಹೊಳೆಯುವುದು ಹೀಗೆ. ವಿನಿಮಯವಿಲ್ಲದಿದ್ದರೆ ಆ ಇಂಜೆಕ್ಷನ್ನಿನ ಖರ್ಚು ದಂಡ.

ಮಣ್ಣಿನಲ್ಲೂ ಇದೇ ಕಥೆ, ಸ್ವಲ್ಪ ಒರಟಾಗಿ. ಹರಳಿನ ಸಂದಿಯಲ್ಲಿ ಸಿಕ್ಕ ನೀರು ಗೋಡೆಗೆ ತಾಗಿದಾಗಲೆಲ್ಲ ಅದರ ಸಂಕೇತ ಕುಂದುತ್ತದೆ. ಸಂದಿ ಚಿಕ್ಕದಾದಷ್ಟೂ ನೀರಿನ ಅಣು ಗೋಡೆ ಮುಟ್ಟುವುದು ಹೆಚ್ಚು, ಟಿ2 ಅಷ್ಟೂ ಗಿಡ್ಡ. ಯಲಬುರ್ಗಾದ ಎರೆ ಮಣ್ಣಿನ ಜೇಡಿಯಲ್ಲಿ ಸಂದಿಗಳು ಅತಿ ಸೂಕ್ಷ್ಮ. ಮಳೆ ಬಂದಾಗ ಅದು ಬೇಕಾದಷ್ಟು ನೀರು ಕುಡಿದು ಉಬ್ಬುತ್ತದೆ, ಬಿಟ್ಟುಕೊಡುವುದು ಮಾತ್ರ ಕಡಿಮೆ. ಮಸಾರಿ ಮಣ್ಣಿನ ಮರಳಿನಲ್ಲಿ ಸಂದಿ ದೊಡ್ಡದು, ಟಿ2 ಉದ್ದವಿರಬೇಕು. ಆದರೆ ಮಸಾರಿಯನ್ನು ಕೆಂಪಾಗಿಸಿದ ಕಬ್ಬಿಣದ ಅಂಶವೂ ಕಾಂತ ಗುಣದ್ದೇ. ಅದು ತನ್ನ ಪಾಲಿನ ತಂಟೆ ಮಾಡಿ ಟಿ2 ಕುಗ್ಗಿಸುತ್ತದೆ. ಸಂದಿ ಚಿಕ್ಕದೋ, ಕಬ್ಬಿಣ ಹೆಚ್ಚೋ ಎಂದು ಬೇರೆ ದಾರಿಯಿಂದ ಖಚಿತಪಡಿಸಿಕೊಳ್ಳದೆ ತೀರ್ಪು ಕೊಡುವ ಹಾಗಿಲ್ಲ.

ಇದನ್ನೇ ದೊಡ್ಡದು ಮಾಡಿ ನೆಲದಡಿಯ ನೀರು ಹುಡುಕುವ ವಿಧಾನವೊಂದಿದೆ. ಇಲ್ಲಿ ಅಯಸ್ಕಾಂತ ಬೇಡ, ಭೂಮಿಯ ಕ್ಷೇತ್ರವೇ ಸಾಕು. ನಮ್ಮ ಸೀಮೆಯಲ್ಲಿ ಆ ಕ್ಷೇತ್ರಕ್ಕೆ ಪ್ರೋಟಾನ್ ಸುತ್ತುವ ವೇಗ ಸೆಕೆಂಡಿಗೆ 1,700ರ ಆಸುಪಾಸು. ಅದು ರೇಡಿಯೋ ಅಲ್ಲ, ಕಿವಿಗೆ ಕೇಳುವ ಶಬ್ದದ ಆವರ್ತನ. ನೂರು ಮೀಟರು ಅಗಲದ ತಂತಿಯ ಸುತ್ತನ್ನು ನೆಲದ ಮೇಲೆ ಹಾಸಿ, ಆ ಆವರ್ತನದ ವಿದ್ಯುತ್ತನ್ನು ಒಂದು ಕ್ಷಣ ಹರಿಸಿ ನಿಲ್ಲಿಸಿ, ನೆಲದಡಿಯ ನೀರು ಕೊಡುವ ಮಾರುತ್ತರಕ್ಕೆ ಅದೇ ತಂತಿಯಿಂದ ಕಿವಿಗೊಡುತ್ತಾರೆ. 1962ರಲ್ಲೇ ರಸೆಲ್ ವೇರಿಯನ್ ಹೆಸರಲ್ಲಿ ಇದಕ್ಕೊಂದು ಪೇಟೆಂಟ್ ಇತ್ತು. ಕೆಲಸ ಮಾಡುವ ಯಂತ್ರ ಕಟ್ಟಿದವರು 1970ರ ದಶಕದ ಕೊನೆಗೆ ಸೋವಿಯತ್ ಒಕ್ಕೂಟದ ನೊವೊಸಿಬಿರ್ಸ್ಕ್‌ನವರು. ಸಂಕೇತದ ಎತ್ತರ ನೀರು ಎಷ್ಟಿದೆ ಎಂದು ಹೇಳಿದರೆ, ಅದು ಆರುವ ಕಾಲ ಸಂದಿಗಳ ಗಾತ್ರ ಹೇಳುತ್ತದೆ. ಜೇಡಿಯಲ್ಲಿ ಸಿಕ್ಕ ನೀರಿನ ಸಂಕೇತ ಯಂತ್ರ ಕಿವಿ ತೆರೆಯುವ ಮೊದಲೇ ಆರಿಹೋಗಿರುತ್ತದೆ. ಹೀಗಾಗಿ ನೀರಿನಿಂದ ಉಬ್ಬಿದ ಜೇಡಿ ಪದರ ಈ ಯಂತ್ರಕ್ಕೆ ಒಣ ನೆಲ. ಬೋರ್‌ವೆಲ್ ಕೊರೆಸುವವನಿಗೂ ಆ ನೀರು ಇದ್ದರೂ ಇಲ್ಲದಂತೆಯೇ, ಪಂಪಿಗೆ ಅದು ಬರುವುದಿಲ್ಲ. ಯಂತ್ರದ ಈ ಕುರುಡು ರೈತನಿಗೆ ಅನುಕೂಲದ ಕುರುಡು.

ಹಾಗಂತ ಕೊಪ್ಪಳ ಜಿಲ್ಲೆಗೆ ಇದು ರಾಮಬಾಣ ಎನ್ನಲಾಗದು. ಇಲ್ಲಿನ ಬಹುಭಾಗ ಗಟ್ಟಿ ಕಲ್ಲು. ನೀರು ಇರುವುದು ಬಿರುಕುಗಳಲ್ಲಿ, ಅದೂ ಸ್ವಲ್ಪ. ಯಂತ್ರದ ಹಿಡಿತ 150 ಮೀಟರು, ಅಂದರೆ 500 ಅಡಿ ಸುಮಾರಿಗೆ ಮುಗಿಯುತ್ತದೆ, ಕೊಳವೆಬಾವಿಗಳು ಅದನ್ನೂ ಮೀರಿ ಇಳಿದಿವೆ. ಜತೆಗೆ ಪಂಪ್‌ಸೆಟ್ ಲೈನುಗಳ 50 ಹರ್ಟ್ಸ್ ಗದ್ದಲದ ಮರಿಗಳು, ಅಂದರೆ ಅದರ ಗುಣಕ ಆವರ್ತನಗಳು, 1,700 ಹರ್ಟ್ಸ್‌ವರೆಗೂ ಬಂದು ಕಿವಿಗೆ ಅಡ್ಡ ಬರುತ್ತವೆ. ತೆಂಗಿನಕಾಯಿ ಹಿಡಿದು ಪಾಯಿಂಟ್ ತೋರಿಸುವವರಿಗೆ ಸದ್ಯಕ್ಕೆ ಈ ಯಂತ್ರದಿಂದ ಕೆಲಸ ಹೋಗುವ ಭಯವಿಲ್ಲ.

ವಿನಿಮಯವನ್ನು ಗೆರೆಯ ಉಬ್ಬಿನಿಂದ ಊಹಿಸುವ ಬದಲು ನೇರವಾಗಿ ನಕ್ಷೆಯಲ್ಲೇ ನೋಡುವ ದಾರಿ 1979ರಲ್ಲಿ ತೆರೆಯಿತು. ಬೆಲ್ಜಿಯಂನ ಜೀನರ್ ಮತ್ತು ಜ್ಯೂರಿಕ್‌ನ ರಿಚರ್ಡ್ ಅರ್ನ್ಸ್ಟ್ ಅವರ ಬಳಗ ಎರಡು ಆಯಾಮದ ರೋಹಿತದಲ್ಲಿ, ಯಾವ ಗೆರೆಯ ಅಣು ಯಾವ ಗೆರೆಯ ಮನೆಗೆ ಹೋಯಿತು ಎಂದು ಚುಕ್ಕೆಗಳಾಗಿ ತೋರಿಸಿತು. ಮರುವರ್ಷ ಅದೇ ಮಿಡಿತಗಳ ಸಾಲನ್ನು ಪ್ರೋಟೀನಿಗೆ ಹೊಂದಿಸಿ, ಹತ್ತಿರವಿರುವ ಪ್ರೋಟಾನ್‌ಗಳ ಜೋಡಿಗಳನ್ನು ಪತ್ತೆ ಮಾಡುವ ವಿಧಾನವನ್ನು ಅರ್ನ್ಸ್ಟ್, ಕುರ್ಟ್ ವೂಟ್ರಿಕ್ ಜತೆಗೂಡಿ ಪ್ರಕಟಿಸಿದವರಲ್ಲಿ ಮೊದಲ ಹೆಸರು ಅನಿಲ್ ಕುಮಾರ್ ಅವರದು, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಭೌತಶಾಸ್ತ್ರ ಪ್ರಾಧ್ಯಾಪಕರಾಗಿದ್ದವರು. ಎಂಆರ್‌ಐ ಚಿತ್ರಗಳನ್ನು ಇಂದು ಕಟ್ಟುವ ಗಣಿತಕ್ಕೆ ಬುನಾದಿಯಾದ 1975ರ ಪ್ರಬಂಧದಲ್ಲೂ ಅವರದೇ ಮೊದಲ ಹೆಸರು. ಅರ್ನ್ಸ್ಟ್ ಅವರಿಗೆ 1991ರಲ್ಲಿ, ವೂಟ್ರಿಕ್ ಅವರಿಗೆ 2002ರಲ್ಲಿ ನೊಬೆಲ್ ಬಂತು. ಅತ್ತ ಬೆಂಗಳೂರಿನ ಸಂಸ್ಥೆಯಲ್ಲಿ 1970ರ ದಶಕದಲ್ಲೇ 270 ಮೆಗಾಹರ್ಟ್ಸ್‌ನ ಸೂಪರ್‌ಕಂಡಕ್ಟಿಂಗ್ ಯಂತ್ರ ಕೂತಿತ್ತು. ದೇಶದ ಮೂಲೆಮೂಲೆಯ ವಿದ್ಯಾರ್ಥಿಗಳ ಸ್ಯಾಂಪಲ್‌ಗಳು ಅಲ್ಲಿಗೆ ಬರುತ್ತಿದ್ದವು.

ದ್ರವ ಹೀಲಿಯಂ ಕುಡಿಯುವ ಇಂಥ ಯಂತ್ರವನ್ನು ಜಿಲ್ಲೆಯ ಕಾಲೇಜು ಸಾಕುವುದು ಆಗದ ಮಾತು. ಸಣ್ಣ ಊರಿನ ಸಂಶೋಧಕರು ಈಗಲೂ ಚಿಟಿಕೆ ಪುಡಿಯನ್ನು ಸೀಸೆಗೆ ತುಂಬಿ ಬೆಂಗಳೂರಿಗೋ ಧಾರವಾಡಕ್ಕೋ ಕಳಿಸುತ್ತಾರೆ. ಅರ್ಜಿಯಲ್ಲಿ ವಿಶೇಷವಾಗಿ ಏನೂ ಕೇಳದಿದ್ದರೆ ಸ್ಯಾಂಪಲ್ ಕೋಣೆಯ ತಾಪಮಾನದಲ್ಲೇ ಓಡುತ್ತದೆ. ಬಂದ ರೋಹಿತದಲ್ಲಿ ಒಂದು ಗೆರೆ ಊದಿಕೊಂಡಿದ್ದರೆ ಸ್ಯಾಂಪಲ್ ಕಲಬೆರಕೆ ಎಂದು ಎಸೆದು ಮತ್ತೆ ತಯಾರಿಸಲು ಕೂರುವವರು ಬಹಳ. ಎಸೆಯುವ ಮೊದಲು ಇನ್ನೊಂದು ಅರ್ಜಿ ಹಾಕಬಹುದು. ಎಲ್ಲ ಗೆರೆಗಳೂ ಊದಿದ್ದರೆ ಅಯಸ್ಕಾಂತದ ಹೊಂದಾಣಿಕೆ ಸರಿಯಿಲ್ಲ, ಅಥವಾ ದ್ರಾವಣದಲ್ಲಿ ಕಬ್ಬಿಣದಂಥದ್ದೇನೋ ಸೇರಿದೆ. ಒಂದೆರಡು ಮಾತ್ರ ಊದಿದ್ದರೆ ಅದೇ ಸೀಸೆಯನ್ನು 60 ಡಿಗ್ರಿಗೆ ಒಮ್ಮೆ, ದ್ರಾವಕ ಹೆಪ್ಪುಗಟ್ಟದಿದ್ದರೆ ಮೈನಸ್ 40ಕ್ಕೆ ಇನ್ನೊಮ್ಮೆ ಓಡಿಸಲು ಕೇಳಬೇಕು. ಕಾಯಿಸಿದಾಗ ಚೂಪಾಗಿ, ತಣಿಸಿದಾಗ ಎರಡಾಗಿ ಒಡೆದರೆ ಅಣು ಎರಡು ರೂಪಗಳ ನಡುವೆ ಓಡಾಡುತ್ತಿದೆ, ಪ್ರಬಂಧಕ್ಕೆ ಒಂದು ಅಧ್ಯಾಯ ಪುಕ್ಕಟೆ. ಎರಡು ಕಡೆಗೂ ಜಗ್ಗದೆ ಹಾಗೇ ಕೂತಿದ್ದರೆ, ಆಗ ಬೇಕಾದರೆ ಕಲಬೆರಕೆ ಎಂದು ಬರೆಯಲಿ.